ದೋಣಿಯ ವಿಎಚ್‌ಎಫ್ ರೇಡಿಯೋ ದೂರ ಮುಟ್ಟುತ್ತಿಲ್ಲವೇ? ಸೆಟ್ ಬಿಚ್ಚುವ ಮೊದಲು ಆಂಟೆನಾ ನೋಡಿ

ಮೇ ಕೊನೆಯ ವಾರ, ಇನ್ನೇನು ಮಳೆ ಹಿಡಿಯುತ್ತದೆ ಅನ್ನುವಾಗ ಭಾವನ ಫೋನ್ ಬಂತು. “ಭಾವ, ದೋಣಿಯ ಸೆಟ್ಟೇ ಹೋಯ್ತು ಕಾಣ್ತದೆ. ನೀವು ಮಾತಾಡೋದು ನಂಗೆ ಕೇಳ್ತದೆ, ನಾನು ಮಾತಾಡಿದ್ದು ನಿಮಗೆ ಮುಟ್ಟೋದಿಲ್ಲ. ಹೊಸದು ತರುವನಾ?” ಬೇಡ ಅಂದೆ. ಹೀಗಾದಾಗ ಸೆಟ್ ಕೆಟ್ಟಿರುವುದು ಕಡಿಮೆ. ಆಂಟೆನಾ, ಅದರ ಕೇಬಲ್, ಕೇಬಲ್ಲಿನ ಎರಡು ತುದಿ, ಬ್ಯಾಟರಿಯಿಂದ ಬರುವ ವಯರ್ – ಇಷ್ಟರಲ್ಲಿ ಎಲ್ಲೋ ಕಳ್ಳ ಕೂತಿರುತ್ತಾನೆ. ನಮ್ಮ ದೋಣಿಯಲ್ಲಿ ಒಬ್ಬನಲ್ಲ, ಮೂರು ಜನ ಕೂತಿದ್ದರು. ಅವರನ್ನು ಹಿಡಿದ ಕಥೆಯೇ ಇದು. ನಾನು ಮಾಡಿದ ಎಡವಟ್ಟುಗಳನ್ನೂ ಬಿಟ್ಟಿಲ್ಲ.

ಮೊದಲು ನಮ್ಮ ವ್ಯವಸ್ಥೆ ಹೇಳಿಬಿಡುತ್ತೇನೆ. ನಮ್ಮದು ಕುಶಾಲನಗರ. 2018ರ ಆಗಸ್ಟಿನಲ್ಲಿ ಮಡಿಕೇರಿ ಕಡೆ ಗುಡ್ಡಗಳು ಕುಸಿದವು, ಇಲ್ಲಿ ಕಾವೇರಿ ಬಡಾವಣೆಗಳಿಗೆ ನುಗ್ಗಿತು, ಕರೆಂಟೂ ಇಲ್ಲ, ಎಷ್ಟೋ ಕಡೆ ಮೊಬೈಲೂ ಇಲ್ಲ. 2019ರಲ್ಲಿ ಮತ್ತೆ ಅದೇ ನೀರು. ಅದಾದ ಮೇಲೆ ನಾವು ನಾಲ್ಕೈದು ಜನ ಸೇರಿ ಒಂದು ಸಣ್ಣ ಫೈಬರ್ ದೋಣಿ ಇಟ್ಟುಕೊಂಡಿದ್ದೇವೆ. ನನಗೂ ಭಾವನಿಗೂ ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸೆನ್ಸ್ ಇದೆ. ಹಾಗಾಗಿ ದೋಣಿಯಲ್ಲಿ 25 ವ್ಯಾಟಿನ ಸೆಟ್, ನಮ್ಮ ಮನೆಯ ತಾರಸಿಯಲ್ಲಿ ಬೇಸ್ ಸ್ಟೇಷನ್. ಮಾತಾಡುವುದು 144ರಿಂದ 146 ಮೆಗಾಹರ್ಟ್ಸ್ ಒಳಗೆ, ಹ್ಯಾಮ್‌ಗಳಿಗೆ ಬಿಟ್ಟಿರುವ ಜಾಗದಲ್ಲಿ. ಸಮುದ್ರದ ದೋಣಿಗಳ ರೇಡಿಯೋ ಇದಲ್ಲ, ಅದು 156 ಮೆಗಾಹರ್ಟ್ಸಿನಿಂದ ಮೇಲೆ. ಈ ವ್ಯತ್ಯಾಸ ಮುಂದೆ ಬರುತ್ತದೆ, ನೆನಪಿರಲಿ. ಲೈಸೆನ್ಸ್ ಇಲ್ಲದವರು ಸುಮ್ನೆ ಬಟನ್ ಒತ್ತಬೇಡಿ, ಎರಡಕ್ಕೂ ಬೇರೆ ಬೇರೆ ಲೈಸೆನ್ಸ್ ಬೇಕು.

ಮಳೆಗೆ ಮೊದಲು ಅನುಮತಿ ತೆಗೆದುಕೊಂಡು ಹಾರಂಗಿ ಹಿನ್ನೀರಿನಲ್ಲಿ ಒಂದು ಸುತ್ತು ಹೊಡೆದು ಎಲ್ಲ ಪರೀಕ್ಷೆ ಮಾಡುವುದು ರೂಢಿ. ತೊಂದರೆ ಗೊತ್ತಾಗಿದ್ದು ಆಗಲೇ.

ಗುಡ್ಡದ ತಪ್ಪೋ, ದೋಣಿಯ ತಪ್ಪೋ?

ಕೊಡಗಿನಲ್ಲಿ ಈ ಪ್ರಶ್ನೆ ಮೊದಲು ಕೇಳಿಕೊಳ್ಳಬೇಕು. ವಿಎಚ್‌ಎಫ್ ಹೆಚ್ಚುಕಮ್ಮಿ ಕಣ್ಣಿಗೆ ಕಂಡಷ್ಟು ದೂರ ಹೋಗುವ ತರಂಗ. ನಂಬಿಕೆ ಇಲ್ಲದಿದ್ದರೆ ಕಾರಿನಲ್ಲಿ ಮಡಿಕೇರಿ ಆಕಾಶವಾಣಿಯ 103.1 ಹಾಕಿಕೊಂಡು ಘಾಟಿ ಇಳಿಯಿರಿ. ಒಂದು ತಿರುವಿನಲ್ಲಿ ಹಾಡು ಸ್ಪಷ್ಟ, ಮುಂದಿನ ತಿರುವಿನಲ್ಲಿ ಬರೀ ಬುಸ್ ಅನ್ನುವ ಸದ್ದು. ಅದೂ ವಿಎಚ್‌ಎಫ್ಪೇ. ಅಷ್ಟು ದೊಡ್ಡ ಟ್ರಾನ್ಸ್‌ಮಿಟರಿನ ಗತಿಯೇ ಹೀಗಾದರೆ ನಮ್ಮ 25 ವ್ಯಾಟಿನದು ಏನು ಮಹಾ.

ಇದನ್ನು ಬೇರ್ಪಡಿಸಲು ಒಂದು ಸುಲಭದ ಉಪಾಯ ಇದೆ. 5 ವ್ಯಾಟಿನ ಕೈ ಸೆಟ್ ತೆಗೆದುಕೊಂಡು ಅದೇ ದೋಣಿಯಲ್ಲಿ, ಅದೇ ಜಾಗದಲ್ಲಿ ನಿಂತು ಮಾತಾಡಿ. ಕೈ ಸೆಟ್ಟೂ ಮುಟ್ಟದಿದ್ದರೆ ಅಡ್ಡ ಇರುವುದು ಗುಡ್ಡ, ದೋಣಿಯನ್ನು ನೂರಿನ್ನೂರು ಮೀಟರ್ ಸರಿಸಿ ಮತ್ತೆ ನೋಡಿ. ಗಿಡ್ಡ ರಬ್ಬರ್ ಆಂಟೆನಾದ ಕೈ ಸೆಟ್ ಮುಟ್ಟಿ, 25 ವ್ಯಾಟಿನ ದೊಡ್ಡ ಸೆಟ್ ಮುಟ್ಟದಿದ್ದರೆ ಇನ್ನು ಯೋಚನೆಯೇ ಬೇಡ, ತಪ್ಪು ದೋಣಿಯೊಳಗಿದೆ. ನಮ್ಮಲ್ಲಿ ಆಗಿದ್ದು ಇದೇ. ಭಾವ ಕೈ ಸೆಟ್ಟಿನಲ್ಲಿ ಮಾತಾಡಿದ್ದು ಗರಗರ ಅಂದರೂ ಅರ್ಥ ಆಯಿತು, ದೊಡ್ಡ ಸೆಟ್ಟಿನದು ಅರ್ಧ ಪದವೂ ಬರಲಿಲ್ಲ.

ಹಾಗಾದರೆ ಅವನಿಗೆ ನನ್ನ ಮಾತು ಕೇಳುತ್ತಿತ್ತಲ್ಲ, ಆಂಟೆನಾ ಕೆಟ್ಟಿದ್ದರೆ ಅದೂ ಕೇಳಬಾರದಿತ್ತು ಅಲ್ವಾ? ಎಲ್ಲರೂ ಇಲ್ಲೇ ಎಡವುತ್ತಾರೆ. ಕೆಟ್ಟ ಆಂಟೆನಾ ಹೋಗುವುದನ್ನೂ ಬರುವುದನ್ನೂ ಒಂದೇ ಸಮ ತಿನ್ನುತ್ತದೆ. ಆದರೆ ನನ್ನ ಬೇಸ್ 50 ವ್ಯಾಟ್, ಆಂಟೆನಾ ತಾರಸಿಯ ಮೇಲೆ. ಅಷ್ಟು ತಿಂದರೂ ಅವನಿಗೆ ಉಳಿಯುತ್ತದೆ. ಜೊತೆಗೆ ಅವನು ನೀರಿನ ಮಧ್ಯೆ ನಿಶ್ಶಬ್ದದಲ್ಲಿ ಇದ್ದಾನೆ. ನನ್ನ ಸುತ್ತ ಇಡೀ ಪೇಟೆಯ ಇನ್ವರ್ಟರು, ಎಲ್‌ಇಡಿ ಬಲ್ಬು, ಚಾರ್ಜರುಗಳ ಗಲಾಟೆ. ಆ ಗಲಾಟೆಯಲ್ಲಿ ಅವನ ಸೊರಗಿದ ದನಿ ಮುಳುಗಿಹೋಗುತ್ತದೆ. ಅದಕ್ಕೇ “ಕೇಳುತ್ತೆ, ಮುಟ್ಟಲ್ಲ” ಅಂದ ತಕ್ಷಣ ಸೆಟ್ಟಿನ ಮೇಲೆ ಗೂಬೆ ಕೂರಿಸಬೇಡಿ.

ಮೊದಲ ಕಳ್ಳ: ಬ್ಯಾಟರಿ ವಯರ್

ಇದು ಆಂಟೆನಾ ಅಲ್ಲ. ಆದರೂ ಮೊದಲು ನೋಡಬೇಕು, ಐದು ನಿಮಿಷದ ಕೆಲಸ. 25 ವ್ಯಾಟ್ ಕಳಿಸುವಾಗ ಸೆಟ್ 5–6 ಆಂಪಿಯರ್ ಎಳೆಯುತ್ತದೆ. ಕೇಳುವಾಗ ಅದರ ಹತ್ತನೇ ಒಂದು ಭಾಗವೂ ಬೇಡ. ಅಂದರೆ ವಯರ್ ಸಣ್ಣದಿದ್ದರೂ ಕೇಳಲು ಅಡ್ಡಿ ಇಲ್ಲ, ಬಟನ್ ಒತ್ತಿದಾಗ ಮಾತ್ರ ವೋಲ್ಟೇಜ್ ಕುಸಿಯುತ್ತದೆ.

ಮಲ್ಟಿಮೀಟರನ್ನು ಬ್ಯಾಟರಿಗೆ ಹಿಡಿಯಬೇಡಿ, ಸೆಟ್ಟಿನ ಬೆನ್ನಿಗೆ ವಯರ್ ಸೇರುವ ಕಡೆ ಹಿಡಿದು ಬಟನ್ ಒತ್ತಿ. ನಮ್ಮಲ್ಲಿ ಬ್ಯಾಟರಿಯಲ್ಲಿ 12.4 ಇತ್ತು, ಸೆಟ್ಟಿನ ಹಿಂದೆ ಒತ್ತಿದಾಗ 11.2. ಯಾರೋ ಪುಣ್ಯಾತ್ಮರು ಮನೆಯ ಬಲ್ಬಿಗೆ ಎಳೆಯುವ 1 ಚದರ ಮಿಲಿಮೀಟರ್ ವಯರ್ ಹಾಕಿದ್ದರು. (ಯಾರೋ ಅಲ್ಲ, ನಾನೇ.) ಲೆಕ್ಕ ಹಾಕಿದರೆ, ಬ್ಯಾಟರಿಯಿಂದ ಸೆಟ್ಟಿಗೆ 5 ಮೀಟರ್, ಹೋಗಿ ಬರಲು 10 ಮೀಟರ್ ತಾಮ್ರ, 6 ಆಂಪಿಯರಿಗೆ ಒಂದು ವೋಲ್ಟ್ ಅಲ್ಲೇ ಕಳೆಯುತ್ತದೆ. ಉಳಿದದ್ದು ಫ್ಯೂಸ್ ಹಿಡಿಕೆಯ ತುಕ್ಕಿನಲ್ಲಿ ಹೋಗಿತ್ತು. 2.5 ಚದರ ಮಿಲಿಮೀಟರಿನದು ಹಾಕಿ, ಫ್ಯೂಸ್ ಹಿಡಿಕೆ ಬದಲಿಸಿದ ಮೇಲೆ ಒತ್ತಿದಾಗಲೂ 12ರ ಕೆಳಗೆ ಹೋಗಲಿಲ್ಲ. ದನಿ ಸ್ವಲ್ಪ ಸುಧಾರಿಸಿತು. ಸ್ವಲ್ಪ ಅಷ್ಟೇ.

ಎರಡನೆಯ ಕಳ್ಳ: ಕೇಬಲ್ಲು ಮತ್ತು ಅದರ ತುದಿ

ಇಲ್ಲಿ ನಾನು ಮಾಡಿದ ಎಡವಟ್ಟು ಕೇಳಿ. ಸೆಟ್ಟಿನಿಂದ ಕೇಬಲ್ ಕಳಚಿ, ಕನೆಕ್ಟರಿನ ನಡುವಿನ ಪಿನ್ನಿಗೂ ಹೊರಗಿನ ಲೋಹಕ್ಕೂ ಮಲ್ಟಿಮೀಟರ್ ಹಿಡಿದೆ. ಸೊನ್ನೆ ಓಮ್! ಶಾರ್ಟ್ ಆಗಿದೆ ಅಂತ ಖುಷಿಯಲ್ಲಿ ಕನೆಕ್ಟರ್ ಕತ್ತರಿಸಿ ಬಿಸಾಕಿದೆ. ಹೊಸದು ಬೆಸುಗೆ ಹಾಕಿ ಹಿಡಿದರೆ ಮತ್ತೆ ಸೊನ್ನೆ. ಆಮೇಲೆ ಬುದ್ಧಿ ಬಂತು. ದೋಣಿಗೆ ಮಾಡಿದ ಎಷ್ಟೋ ಆಂಟೆನಾಗಳ ಬುಡದಲ್ಲಿ ಒಂದು ಸುರುಳಿ ಇರುತ್ತದೆ, ಬ್ಯಾಟರಿ ಕರೆಂಟಿಗೆ ಅದು ಶಾರ್ಟ್ ಹಾಗೆ ಕಾಣುತ್ತದೆ, ರೇಡಿಯೋ ತರಂಗಕ್ಕೆ ಅಲ್ಲ. ಇನ್ನು ಕೆಲವು ಆಂಟೆನಾಗಳು ಪೂರ್ತಿ ಬಿಡಿಯಾಗಿಯೇ ತೋರಿಸುತ್ತವೆ, ಅದೂ ಸರಿಯೇ. ಹಾಗಾಗಿ ಆಂಟೆನಾ ಸಿಕ್ಕಿಸಿಟ್ಟು ಓಮ್ ನೋಡಿ ತೀರ್ಮಾನ ಮಾಡಬೇಡಿ. ಆಂಟೆನಾ ಬುಡದಲ್ಲೂ ಕಳಚಿ, ಕೇಬಲ್ ಒಂದನ್ನೇ ನೋಡಿ. ಒಂಟಿ ಕೇಬಲ್ಲಿನ ಪಿನ್ನಿಗೂ ಹೊರ ಜಾಲರಿಗೂ ಸಂಬಂಧ ಇರಲೇಬಾರದು. ಒಂದು ತುದಿಯನ್ನು ತಂತಿ ತುಂಡಿನಿಂದ ಸೇರಿಸಿ ಇನ್ನೊಂದು ತುದಿಯಲ್ಲಿ ನೋಡಿದರೆ ಸೊನ್ನೆಯ ಹತ್ತಿರ ಬರಬೇಕು. ನೋಡುವಾಗ ಕೇಬಲ್ಲನ್ನು ಉದ್ದಕ್ಕೂ ಅಲ್ಲಾಡಿಸಿ, ಅಂಕಿ ಕುಣಿದರೆ ಒಳಗೆ ಎಲ್ಲೋ ತುಂಡಾಗಿದೆ.

ನಮ್ಮ ಕೇಬಲ್ ಈ ಪರೀಕ್ಷೆಯಲ್ಲಿ ಪಾಸಾಯಿತು. ಆದರೂ ಅದೇ ಕಳ್ಳ! ಏಕೆಂದರೆ ಮಲ್ಟಿಮೀಟರ್ ತುಂಡಾಗಿದೆಯೋ ಇಲ್ಲವೋ ಅಂತ ಹೇಳುತ್ತದೆ, ಎಷ್ಟು ತಿನ್ನುತ್ತದೆ ಅಂತ ಹೇಳುವುದಿಲ್ಲ. ನಮ್ಮದು ಪೆನ್ಸಿಲಿಗಿಂತ ತೆಳ್ಳಗಿನ ಆರ್‌ಜಿ-58. ಈ ತರಂಗಕ್ಕೆ ಅದು ಮೀಟರಿಗೆ ಸುಮಾರು 0.2 ಡೆಸಿಬೆಲ್ (ಶಕ್ತಿ ಎಷ್ಟು ಪಟ್ಟು ಏರಿತು, ಇಳಿಯಿತು ಅನ್ನುವ ಅಳತೆ) ತಿನ್ನುತ್ತದೆ. ಕೇಬಲ್ 10 ಮೀಟರ್ ಇತ್ತು. ದೋಣಿಯೇ ಅಷ್ಟುದ್ದ ಇಲ್ಲವಲ್ಲ ಅಂತೀರಾ? ಕತ್ತರಿಸಲು ಮನಸ್ಸು ಬಾರದೆ ಆರು ಮೀಟರನ್ನು ಸುರುಳಿ ಸುತ್ತಿ ಸೀಟಿನ ಕೆಳಗೆ ತುರುಕಿದ್ದೆವು. ಎರಡು ಡೆಸಿಬೆಲ್ ಅಂದರೆ 25 ವ್ಯಾಟಿನಲ್ಲಿ 9 ವ್ಯಾಟ್ ಆ ಕೇಬಲ್ಲನ್ನು ಬೆಚ್ಚಗೆ ಮಾಡಲು ಹೋಯಿತು. ಕತ್ತರಿಸಿ 4 ಮೀಟರ್ ಮಾಡಿದರೆ ನಷ್ಟ ಬರೀ 4 ವ್ಯಾಟ್. ಉದ್ದ ಬೇಕೇ ಬೇಕು ಅನ್ನುವವರು ಬೆರಳು ದಪ್ಪದ ಆರ್‌ಜಿ-213 ಹಾಕಿ, ಅದರ ನಷ್ಟ ಇದರ ಅರ್ಧಕ್ಕಿಂತ ಕಡಿಮೆ. ನಾಲ್ಕು ಮೀಟರಿಗೆ ಅದರ ಅಗತ್ಯ ಇಲ್ಲ, ಬಗ್ಗಿಸುವುದೂ ಕಷ್ಟ.

ಇನ್ನು ನೀರು. ಬಿಸಿಲಿಗೆ ಸರಿ ಇದ್ದು ಮಳೆ ಬಂದ ಮಾರನೇ ದಿನ ಸಾಯುವ ರೇಡಿಯೋ, ಎರಡು ದಿನ ಬಿಸಿಲು ಕಂಡರೆ ಮತ್ತೆ ಬದುಕುವ ರೇಡಿಯೋ – ಇದಕ್ಕೆ ಬೇರೆ ಪರೀಕ್ಷೆಯೇ ಬೇಡ, ಕನೆಕ್ಟರಿಗೆ ನೀರು ಹೋಗಿದೆ. ಪಿಎಲ್-259 ಅನ್ನುವ ಆ ತಿರುಗಿಸುವ ಕನೆಕ್ಟರ್ ನೋಡಲು ಗಟ್ಟಿಮುಟ್ಟು, ನೀರು ತಡೆಯುವ ಗುಣ ಮಾತ್ರ ಅದಕ್ಕೆ ಇಲ್ಲವೇ ಇಲ್ಲ. ಒಳಗೆ ಹೋದ ನೀರು ತಾಮ್ರದ ಜಾಲರಿಯನ್ನು ಬತ್ತಿಯ ಹಾಗೆ ಹಿಡಿದು ಮೀಟರುಗಟ್ಟಲೆ ಏರುತ್ತದೆ. ಕಕ್ಕಡದ (ಜುಲೈ–ಆಗಸ್ಟಿನ ಕೊಡಗಿನ ತಿಂಗಳು) ಮಳೆ ಅಂದರೆ ಗೊತ್ತಲ್ಲ, ಮನೆಯೊಳಗಿನ ಚಪ್ಪಲಿಗೇ ಬೂಷ್ಟು ಬರುತ್ತದೆ, ಇನ್ನು ಇದು ಯಾವ ಲೆಕ್ಕ.

ಕೇಬಲ್ ತುದಿಯ ಹೊರ ಸಿಪ್ಪೆ ಒಂದಿಷ್ಟು ಸುಲಿದು ನೋಡಿ. ತಾಮ್ರ ಹೊಳೆಯುತ್ತಿದ್ದರೆ ಸರಿ. ಹಸಿರು ಕಿಲುಬು ಅಥವಾ ಕಪ್ಪು ಬಣ್ಣ ಕಂಡರೆ ಒಳ್ಳೆಯ ತಾಮ್ರ ಸಿಗುವವರೆಗೆ ಗೇಣು ಗೇಣಾಗಿ ಕತ್ತರಿಸಿ, ಒಂದು ಮೀಟರ್ ಹೋದರೂ ಸಿಗದಿದ್ದರೆ ಇಡೀ ಕೇಬಲ್ ಎಸೆಯಿರಿ. ಕಪ್ಪಾದ ತಾಮ್ರಕ್ಕೆ ಬೆಸುಗೆ ಕೂರುವುದೂ ಇಲ್ಲ, ಗುಂಡು ಗುಂಡಾಗಿ ಉರುಳಿಹೋಗುತ್ತದೆ. ಹೊಸ ಕನೆಕ್ಟರ್ ಹಾಕಿದ ಮೇಲೆ, ಎಳೆದು ಸುತ್ತಿದರೆ ತನಗೆ ತಾನೇ ಕೂಡಿಕೊಳ್ಳುವ ರಬ್ಬರ್ ಟೇಪ್ ಸುತ್ತಿ, ಅದರ ಮೇಲೆ ಸಾಧಾರಣ ಕಪ್ಪು ಟೇಪ್. ಕೆಳಗಿನಿಂದ ಮೇಲಕ್ಕೆ ಸುತ್ತಬೇಕು, ಹೆಂಚು ಹೊದಿಸಿದ ಹಾಗೆ. ಬರೀ ಕಪ್ಪು ಟೇಪ್ ಸುತ್ತಿದರೆ ಒಂದೇ ಮಳೆಗಾಲದಲ್ಲಿ ಅಂಟು ಕರಗಿ ಜಾರುತ್ತದೆ. ಆಂಟೆನಾದಿಂದ ಇಳಿಯುವ ಕೇಬಲ್ ಒಳಗೆ ನುಗ್ಗುವ ಮೊದಲು ಒಂದು ಜೋತ ಬಾಗು ಕೊಡಿ, ನೀರು ಅಲ್ಲೇ ತೊಟ್ಟಿಕ್ಕಿ ಬೀಳಲಿ.

ಇಲಿಯನ್ನೂ ಮರೆಯಬೇಡಿ. ವರ್ಷದಲ್ಲಿ ಒಂಬತ್ತು ತಿಂಗಳು ದೋಣಿ ಶೆಡ್ಡಿನಲ್ಲಿ ಮಲಗಿರುತ್ತದೆ, ಇಲಿಗೆ ಬೇರೆ ಏನು ಕೆಲಸ.

ಮೂರನೆಯವನು: ಆಂಟೆನಾ ತಾನೇ

ಈಗ ಎಸ್‌ಡಬ್ಲ್ಯುಆರ್ ಮೀಟರ್ ಬೇಕು. ಕಳಿಸಿದ ಶಕ್ತಿಯಲ್ಲಿ ಎಷ್ಟು ಆಂಟೆನಾ ಬೇಡ ಅಂತ ವಾಪಸ್ ತಳ್ಳುತ್ತದೆ ಅನ್ನುವುದನ್ನು ಅದು ತೋರಿಸುತ್ತದೆ. 1.5 ಅಂದರೆ ನೂರಕ್ಕೆ 4 ವಾಪಸ್, ತಲೆ ಕೆಡಿಸಿಕೊಳ್ಳಬೇಡಿ. 2 ಅಂದರೆ 11. 3 ಅಂದರೆ 25, ಆಗ ಎಷ್ಟೋ ಸೆಟ್ಟುಗಳು ತಮ್ಮನ್ನು ಉಳಿಸಿಕೊಳ್ಳಲು ತಾವೇ ಶಕ್ತಿ ಇಳಿಸುತ್ತವೆ. ಮೀಟರಿಗೆ ವಿಎಚ್‌ಎಫ್ ಬರುತ್ತದೆಯೇ ನೋಡಿಕೊಳ್ಳಿ, ಹಳೇ ಸಿಬಿ ರೇಡಿಯೋದ (ಇದಕ್ಕಿಂತ ತುಂಬ ಕೆಳಗಿನ ತರಂಗದ್ದು) ಮೀಟರ್ ಇಲ್ಲಿ ಸುಳ್ಳು ಹೇಳುತ್ತದೆ. ಕಡಿಮೆ ಪವರಿನಲ್ಲಿ, ಖಾಲಿ ಚಾನೆಲ್ಲಿನಲ್ಲಿ, ಕರೆ ಸಂಕೇತ (ಲೈಸೆನ್ಸಿನಲ್ಲಿ ಕೊಟ್ಟ ನಿಮ್ಮ ರೇಡಿಯೋ ಹೆಸರು) ಹೇಳಿ ಪರೀಕ್ಷೆ ಮಾಡಿ. ಆಂಟೆನಾ ಇಲ್ಲದೆ ಮಾತ್ರ ಬಟನ್ ಒತ್ತಲೇಬೇಡಿ, ಸೆಟ್ ನಿಜವಾಗಿಯೂ ಹೋಗುವುದು ಆಗಲೇ.

ಮೊದಲು ಆಂಟೆನಾ ಜಾಗದಲ್ಲಿ 50 ಓಮಿನ ಡಮ್ಮಿ ಲೋಡ್ (ಕಳಿಸಿದ ಶಕ್ತಿಯನ್ನೆಲ್ಲ ನುಂಗಿ ಬಿಸಿ ಮಾಡಿಬಿಡುವ ಪರೀಕ್ಷೆಯ ರೆಸಿಸ್ಟರ್) ಸಿಕ್ಕಿಸಿದೆವು. ಎಸ್‌ಡಬ್ಲ್ಯುಆರ್ 1.1, ಪವರ್ ಸರಿಯಾಗಿ ಬಂತು. ಸೆಟ್ ನಿರಪರಾಧಿ. ಆಮೇಲೆ ಕೇಬಲ್ ಕತ್ತರಿಸುವ ಮೊದಲೇ ಆಂಟೆನಾ ಹಾಕಿ ಸೆಟ್ಟಿನ ಪಕ್ಕ ಅಳೆದರೆ 2. “ಅಷ್ಟೇನೂ ಕೆಟ್ಟದಿಲ್ಲವಲ್ಲ ಭಾವ” ಅಂದ ಇವನು. ಅದೇ ಮೀಟರನ್ನು ಆಂಟೆನಾದ ಬುಡಕ್ಕೆ ಒಯ್ದು ಅಳೆದೆವು. ಮೂರೂವರೆ!

ಇದು ಗೊತ್ತಿರಬೇಕಾದ ಮೋಸ. ಆಂಟೆನಾ ತಳ್ಳಿದ ಶಕ್ತಿ ಮೀಟರಿಗೆ ವಾಪಸ್ ಬರುವ ದಾರಿಯಲ್ಲಿ ಕೇಬಲ್ ಅದನ್ನೂ ತಿನ್ನುತ್ತದೆ. ಹಾಗಾಗಿ ಕೇಬಲ್ ಕೆಟ್ಟಷ್ಟೂ ಎಸ್‌ಡಬ್ಲ್ಯುಆರ್ ಚೆನ್ನಾಗಿ ಕಾಣುತ್ತದೆ. ನೀರು ಕುಡಿದ ಉದ್ದ ಕೇಬಲ್ಲಿಗೆ ಆಂಟೆನಾವೇ ಇಲ್ಲದಿದ್ದರೂ ಮೀಟರ್ ಒಳ್ಳೆಯ ಅಂಕಿ ತೋರಿಸಬಹುದು. ಮೊನ್ನೆವರೆಗೆ 1.8 ಇದ್ದದ್ದು ಏನೂ ಮಾಡದೆ 1.3 ಆದರೆ ಖುಷಿಪಡಬೇಡಿ, ಅನುಮಾನಪಡಿ. ನಮ್ಮ ಲೆಕ್ಕ ಕೂಡಿಸಿದರೆ 25ರಲ್ಲಿ ಆಂಟೆನಾ ಬುಡ ಮುಟ್ಟಿದ್ದು 16 ವ್ಯಾಟ್, ಅದರಲ್ಲಿ ಗಾಳಿಗೆ ಹೋದದ್ದು 11ರ ಆಸುಪಾಸು.

ಮೂರೂವರೆ ಏಕೆ ಬಂತು? ಭಾವ ಅದನ್ನು ಮಂಗಳೂರಿನಿಂದ ತಂದಿದ್ದ. 2.4 ಮೀಟರಿನ ಬಿಳಿ ಫೈಬರ್ ಕೋಲು, ಗೇನ್ (ಶಕ್ತಿಯನ್ನು ಅಡ್ಡಕ್ಕೆ ಎಷ್ಟು ಒತ್ತಿ ಕಳಿಸುತ್ತದೆ ಅನ್ನುವುದು) 6 ಡೆಸಿಬೆಲ್, ಕೆಡುವಂಥದ್ದೇನೂ ಅದರಲ್ಲಿ ಇಲ್ಲ. ಆದರೆ ಅದು ಸಮುದ್ರದ ದೋಣಿಗೆ ಮಾಡಿದ್ದು, ಅಂದರೆ ತುರ್ತು ಕರೆಯ 16ನೇ ಚಾನೆಲ್ಲಿನ 156.8 ಮೆಗಾಹರ್ಟ್ಸಿನ ಸುತ್ತ ಹೊಂದಿಸಿದ್ದು. ನಾವು ಅದನ್ನು 145ರಲ್ಲಿ ಬಳಸುತ್ತಿದ್ದೆವು. 145ಕ್ಕೆ ಅರ್ಧ ತರಂಗದ (ತರಂಗದ ಉದ್ದದ ಹೆಚ್ಚುಕಮ್ಮಿ ಅರ್ಧದಷ್ಟಿರುವ) ಕೋಲು ಸುಮಾರು 98 ಸೆಂಟಿಮೀಟರ್, 156.8ಕ್ಕೆ 91. ಏಳು ಸೆಂಟಿಮೀಟರ್ ಏನು ಮಹಾ ಅನ್ನಿಸುತ್ತದೆ, ಆದರೆ ತಂಬೂರಿ ತಂತಿ ಶ್ರುತಿ ಬಿಟ್ಟರೆ ಒಂದು ಎಳೆಯೇ ಸಾಕಲ್ವಾ. ಗೇನ್ ಜಾಸ್ತಿ ಇರುವ ಆಂಟೆನಾಗಳು ಸಾಮಾನ್ಯವಾಗಿ ಈ ವಿಷಯದಲ್ಲಿ ಇನ್ನೂ ಮೊಂಡು.

ಇದಕ್ಕಿಂತ ಹೆಚ್ಚು ಕಾಣುವ ತಪ್ಪು ಇನ್ನೊಂದಿದೆ. ಕಾರಿನ ಛಾವಣಿಗೆ ಅಂಟಿಸುವ ಕಾಲು ತರಂಗದ ಮ್ಯಾಗ್ನೆಟ್ ಆಂಟೆನಾ ತಂದು ಫೈಬರ್ ದೋಣಿಗೆ ಹೇಗೋ ಕಟ್ಟುವುದು. ಆ ಅರ್ಧ ಮೀಟರಿನ ಕೋಲಿಗೆ ಕೆಳಗೆ ಲೋಹದ ತಗಡು ಬೇಕು, ಕಾರಿನ ಛಾವಣಿಯೇ ಅದರ ಇನ್ನರ್ಧ. ಫೈಬರಿನ ಮೇಲೆ ಅದು ಒಂಟಿ ಕಾಲಿನಲ್ಲಿ ನಿಂತ ಹಾಗೆ. ಮರ ಅಥವಾ ಫೈಬರ್ ದೋಣಿಗೆ ಅರ್ಧ ತರಂಗದ ಆಂಟೆನಾ, ಅಂದರೆ ಕೆಳಗೆ ಲೋಹ ಬೇಡದ್ದು ಅಂತಲೇ ಕೇಳಿ ತನ್ನಿ.

ಹಾಗಾದರೆ ಎಷ್ಟು ಡೆಸಿಬೆಲ್?

ಅಂಗಡಿಯಲ್ಲಿ ಎಲ್ಲರೂ ಜಾಸ್ತಿಯೇ ಒಳ್ಳೆಯದು ಅಂತಾರೆ. ಆಂಟೆನಾ ಶಕ್ತಿ ಹುಟ್ಟಿಸುವುದಿಲ್ಲ, ಇದ್ದದ್ದನ್ನೇ ಒತ್ತಿ ಅಗಲ ಮಾಡುತ್ತದೆ. ಅಕ್ಕಿ ಹಿಟ್ಟಿನ ಉಂಡೆಯನ್ನು ಒತ್ತಿದರೆ ರೊಟ್ಟಿ ಅಗಲ ಆಗುತ್ತದೆ, ಜೊತೆಗೆ ತೆಳ್ಳಗೂ ಆಗುತ್ತದೆ. 3 ಡೆಸಿಬೆಲ್ ಅಂತ ಮಾರುವ ಒಂದು ಮೀಟರಿನ ಕೋಲು ಮೇಲೆ ಕೆಳಗೆ ಧಾರಾಳವಾಗಿ ಹರಡುತ್ತದೆ. 6ರದ್ದು ಮೇಲೆ ಕೆಳಗೆ ಸೇರಿ ಸುಮಾರು 35–40 ಡಿಗ್ರಿಯೊಳಗೆ. 9ರದ್ದು ಇನ್ನೂ ತೆಳ್ಳಗೆ, ಅದು ದೊಡ್ಡ, ಅಲುಗಾಡದ ಹಡಗಿಗೆ. ಸಣ್ಣ ದೋಣಿಯಲ್ಲಿ ಇಬ್ಬರು ಒಂದೇ ಬದಿಗೆ ಸರಿದರೆ ಸಾಕು, 15 ಡಿಗ್ರಿ ವಾಲುತ್ತದೆ. ಆಗ ತೆಳ್ಳಗಿನ ರೊಟ್ಟಿಯ ಒಂದು ಅಂಚು ನೀರಿಗೆ, ಇನ್ನೊಂದು ಆಕಾಶಕ್ಕೆ.

ನಮ್ಮ ಊರಿಗೆ ಇನ್ನೂ ಒಂದು ವಿಷಯ ಸೇರುತ್ತದೆ. “ಮಡಿಕೇರಿ ಎತ್ತರದಲ್ಲಿದೆ, ಅದಕ್ಕೆ ಮೇಲೆ ನೋಡುವ ಆಂಟೆನಾ ಬೇಕು” ಅಂತ ಹೇಳುವವರಿದ್ದಾರೆ. ಲೆಕ್ಕ ಹಾಕಿ. 15 ಕಿಲೋಮೀಟರ್ ದೂರದಲ್ಲಿ 300 ಮೀಟರ್ ಎತ್ತರ ಅಂದರೆ ಕೋನ ಒಂದು ಡಿಗ್ರಿ ಚಿಲ್ಲರೆ, ಅದು ಲೆಕ್ಕಕ್ಕೇ ಇಲ್ಲ. ನಿಜವಾದ ವಿಷಯ ಹತ್ತಿರದ ಏರಿನದ್ದು. ಗುಡ್ಡದ ಹಿಂದಿನಿಂದ ಬರುವ ತರಂಗ ಏರಿನ ತುದಿಯಲ್ಲಿ ಒಂದಿಷ್ಟು ಬಾಗಿ ಈಚೆ ಇಳಿಯುತ್ತದೆ. ದೋಣಿಯ ಮಟ್ಟಿಗೆ ಅದು ಆ ತುದಿಯಿಂದಲೇ ಬಂದಂತೆ. ಅರ್ಧ ಕಿಲೋಮೀಟರ್ ಆಚೆ 150 ಮೀಟರ್ ಎತ್ತರದ ಏರು ಇದ್ದರೆ ಕೋನ 17 ಡಿಗ್ರಿ. 6 ಡೆಸಿಬೆಲ್ಲಿನ ಆಂಟೆನಾಗೆ ಅದು ಆಗಲೇ ಅಂಚು, ದೋಣಿ ವಾಲಿದರೆ ಮುಗಿಯಿತು. ಬಾಗಿ ಬಂದ ಸಿಗ್ನಲ್ ಮೊದಲೇ ಬಡಕಲು, ಇರುವ ಅರ್ಧವನ್ನೂ ಕಳೆದುಕೊಳ್ಳುವುದು ಯಾಕೆ. ಅದಕ್ಕೇ ಹಾರಂಗಿಗೆ ನನ್ನ ಆಯ್ಕೆ 3 ಡೆಸಿಬೆಲ್ಲಿನದೇ, ಯಾರು ಏನೇ ಹೇಳಲಿ.

ಮಂಗಳೂರು ಕಡೆ ದೋಣಿ ಇರುವವರಿಗೆ ನನ್ನ ಮಾತು ಪೂರ್ತಿ ಹೊಂದುವುದಿಲ್ಲ. ಅಲ್ಲಿ ಗುಡ್ಡ ಇಲ್ಲ, ಬಯಲು ನೀರು, ಸ್ವಲ್ಪ ಭಾರದ ದೋಣಿಗೆ 6 ಚೆನ್ನಾಗಿಯೇ ನಡೆಯುತ್ತದೆ. ಅಲ್ಲಿ ದೂರ ನಿರ್ಧರಿಸುವುದು ಎತ್ತರ. ಆಂಟೆನಾ ಎತ್ತರದ ಮೀಟರಿನ ವರ್ಗಮೂಲವನ್ನು 4.12ರಿಂದ ಗುಣಿಸಿ, ಎದುರಿನವರದ್ದನ್ನೂ ಹಾಗೇ ಮಾಡಿ ಕೂಡಿಸಿದರೆ ಕಿಲೋಮೀಟರ್ ಸಿಗುತ್ತದೆ. ಎರಡೂ ದೋಣಿಯಲ್ಲಿ 4 ಮೀಟರ್ ಇದ್ದರೆ 16 ಕಿಲೋಮೀಟರ್. ದಡದಲ್ಲಿ 40 ಮೀಟರಿನ ಗೋಪುರ ಇದ್ದರೆ 34. ಡೆಸಿಬೆಲ್ಲಿಗೆ ದುಡ್ಡು ಸುರಿಯುವ ಬದಲು ಆಂಟೆನಾವನ್ನು ಒಂದು ಮೀಟರ್ ಮೇಲೆ ಏರಿಸಿ. ಸುತ್ತ ಒಂದು ಮೀಟರಿನೊಳಗೆ ಲೋಹದ ಕಂಬ, ಕೊಡೆಯ ಕಡ್ಡಿ ಇಲ್ಲದಂತೆ ನೋಡಿಕೊಳ್ಳಿ.

ಹಾ, ಒಂದು ಬಿಟ್ಟೆ. ಎಲ್ಲ ಸರಿ ಇದ್ದೂ ಕೇಳುವುದು ಮಾತ್ರ ಕೆಟ್ಟಿದ್ದರೆ ದೋಣಿಯ ಎಲ್‌ಇಡಿ ದೀಪ, ಫೋನ್ ಚಾರ್ಜರ್ ಒಂದೊಂದೇ ಆರಿಸಿ ನೋಡಿ. ಅಗ್ಗದ ಎಲ್‌ಇಡಿಗಳು ವಿಎಚ್‌ಎಫ್ ತುಂಬ ಕಸ ಎರಚುತ್ತವೆ. ಅಮೆರಿಕದ ಕೋಸ್ಟ್ ಗಾರ್ಡ್ 2018ರಲ್ಲಿ ಇದರ ಬಗ್ಗೆಯೇ ಎಚ್ಚರಿಕೆ ಕೊಟ್ಟಿತ್ತು.

ನಾವು ಕೊನೆಗೆ 145ಕ್ಕೆ ಹೊಂದಿಸಿದ ಅರ್ಧ ತರಂಗದ ಕೋಲನ್ನು ಪಿವಿಸಿ ಪೈಪಿನ ತುದಿಯಲ್ಲಿ ನೀರಿನಿಂದ ಮೂರು ಮೀಟರ್ ಮೇಲೆ ನಿಲ್ಲಿಸಿದೆವು. ಬುಡದಲ್ಲಿ ಎಸ್‌ಡಬ್ಲ್ಯುಆರ್ 1.3. ಭಾವ ಹಿನ್ನೀರಿನಲ್ಲಿ ಅದೇ ಹಳೇ ಜಾಗಕ್ಕೆ ಹೋಗಿ ಮಾತಾಡಿದ, ಎದುರು ಕೂತು ಮಾತಾಡಿದ ಹಾಗೆ ಕೇಳಿತು. ಇನ್ನೂ ಒಂದು ತಿರುವಿನ ಹಿಂದೆ ಹೋದರೆ ಮಾತ್ರ ಪೂರ್ತಿ ಕತ್ತರಿಸುತ್ತದೆ. ಅಲ್ಲಿ ಕೈ ಸೆಟ್ಟೂ ಮುಟ್ಟುವುದಿಲ್ಲ, ಅದು ಗುಡ್ಡದ ಪಾಲು. ಐವತ್ತು ಮೀಟರ್ ಹುಟ್ಟು ಹಾಕಿ ಈಚೆ ಬಂದು ಮಾತಾಡುತ್ತಾನೆ. ಮಂಗಳೂರಿನ ಆ ಬಿಳಿ ಕೋಲು ಶೆಡ್ಡಿನಲ್ಲಿದೆ, ಸಮುದ್ರದ ದೋಣಿಯವರು ಯಾರಾದರೂ ಸಿಕ್ಕರೆ ಕೊಡಬೇಕು.